ಹೆರಿಗೆ ಮನೆಯಲ್ಲಿ ಶಾಮಿಯಾನದ ಕುರ್ಚಿಗಳು

ಹುಣಸೆ ಮಂಡಿ ಆದಿನಾರಾಯಣಪ್ಪನವರ ಹೆಸರು ದೇವನಹಳ್ಳಿ ಸೀಮೆಯ ಹಳಬರಿಗೆಲ್ಲ ಗೊತ್ತು. ಬ್ರಿಟಿಷರ ಕಾಲದಲ್ಲಿ ಬೆಂಗಳೂರಿನ ದಂಡು ಪ್ರದೇಶದ ಸೈನ್ಯಕ್ಕೆ ನಲ್ಲೂರಿನ ಹುಣಸೆಹಣ್ಣು ಸಾಗಿಸಿ ಸಿರಿವಂತರಾದವರು. ಹೆರಿಗೆ ಕಷ್ಟವಾಗಿ ಎತ್ತಿನ ಗಾಡಿಯಲ್ಲಿ ಬೆಂಗಳೂರಿಗೆ ಹೊರಟ ಅವರ ಮಗಳು ಯಲಹಂಕ ಸೇರುವ ಮೊದಲೇ ತೀರಿಕೊಂಡಳು. ಆಮೇಲೆ ಅವರು ಮಂಡಿಯನ್ನೇ ಮಾರಿ ಊರಾಚೆ ಹೆಂಚಿನ ಹೆರಿಗೆ ಮನೆ ಕಟ್ಟಿಸಿದರು. ಬಂದವರ ಜಾತಿ ಕೇಳಬಾರದು, ಕಾಸು ಮುಟ್ಟಬಾರದು ಎಂದು ಕಟ್ಟಪ್ಪಣೆ ಮಾಡಿದರು.

ಅದೇ ಊರಿನ ಭಾಗ್ಯಮ್ಮ ಹುಟ್ಟಿದ್ದು ಅಲ್ಲಿ. ಮಗ ಬೈರೇಶನನ್ನು ಹೆತ್ತದ್ದೂ ಅಲ್ಲಿಯೇ. ಆದರೆ ಕಳೆದ ತಿಂಗಳು ಸೊಸೆ ಚೈತ್ರಳಿಗೆ ನೋವು ಶುರುವಾದಾಗ ಆ ಮನೆಗೆ ಬೀಗ ಬಿದ್ದಿತ್ತು. ಅದನ್ನು ನೋಡಿಕೊಳ್ಳುವ ಆದಿನಾರಾಯಣಪ್ಪನವರ ಮನೆತನದ ಟ್ರಸ್ಟಿನವರು ನರ್ಸುಗಳನ್ನು ಕೆಲಸ ಬಿಡಿಸಿ, ಮುಂದಿನ ಬಯಲನ್ನು ಮದುವೆಗಳಿಗೆ ಬಾಡಿಗೆ ಕೊಡುತ್ತಿದ್ದರು. ಚೈತ್ರ ಏರ್‌ಪೋರ್ಟ್ ರಸ್ತೆಯ ಟ್ರಾಫಿಕ್ಕಿನಲ್ಲಿ, ಕಾರಿನ ಹಿಂದಿನ ಸೀಟಿನಲ್ಲಿ ಹೆತ್ತಳು. ಭಾಗ್ಯಮ್ಮ ಮಗುವನ್ನು ಸೆರಗಿನಲ್ಲಿ ಹಿಡಿದುಕೊಂಡಳು. ತಾಯಿ ಮಗು ಉಳಿದದ್ದೇ ಹೆಚ್ಚು.

ಭಾಗ್ಯಮ್ಮ ಒಮ್ಮೆ ಪಂಚಾಯಿತಿ ಸದಸ್ಯೆಯಾಗಿದ್ದವಳು. ಆದಿನಾರಾಯಣಪ್ಪನವರ ಜಯಂತಿಗೆ ಅದೇ ಟ್ರಸ್ಟಿನವರು ಅವಳನ್ನು ಸನ್ಮಾನಕ್ಕೆ ಕರೆದರು. ಹೆರಿಗೆ ಮನೆಯ ಮುಂದಿನ ಬಯಲಿನಲ್ಲೇ ವೇದಿಕೆ, ಅದರ ಮೇಲೆ ಆದಿನಾರಾಯಣಪ್ಪನವರ ಪಟಕ್ಕೆ ಆಳೆತ್ತರದ ಹಾರ. ಮರಿಮಗ ಮನೋಹರ್ ಮೈಕ್ ಹಿಡಿದು, “ನಮ್ಮ ಮುತ್ತಾತನ ಸೇವೆ ಇವತ್ತಿಗೂ ನಡೀತಾ ಇದೆ” ಎಂದ.

ಶಾಲು ಹೊದಿಸಲು ಬಂದ ಅವನ ಕೈಯನ್ನು ಭಾಗ್ಯಮ್ಮ ತಳ್ಳಿಬಿಟ್ಟಳು.

“ಎಲ್ಲಪ್ಪಾ ನಡೀತಿದೆ? ನನ್ ಸೊಸೆ ನಡುರೋಡಲ್ಲಿ ಹೆತ್ಲು.”

“ಅಮ್ಮಾ, ಒಳ್ಳೆ ದಿನ ಇವತ್ತು. ಆಮೇಲೆ ಮಾತಾಡೋಣ.”

“ಹೆರಿಗೆ ನೋವು ಆಮೇಲೆ ಬರ್ತೀನಿ ಅಂತದಾ? ಮಗಳನ್ನ ಮಣ್ಣು ಮಾಡಿ ಬಂದು ಕಟ್ಸಿದ ಮನೆ ಕಣಯ್ಯಾ ಇದು! ಅದ್ರೊಳಗೆ ಶಾಮಿಯಾನದ ಕುರ್ಚಿ ತುಂಬಿದೀರಲ್ಲ, ನಾಚಿಕೆ ಆಗಲ್ವಾ? ತೆಗಿ ಬೀಗ!”

ಅವಳು ವೇದಿಕೆ ಇಳಿದು ಹೆರಿಗೆ ಮನೆಯ ಕಡೆ ನಡೆದಳು. ನೆರೆಮನೆಯ ಮುನಿವೆಂಕಟಮ್ಮ ಎದ್ದಳು. ಅವಳ ಹಿಂದೆ ಇನ್ನಷ್ಟು ಹೆಂಗಸರು ಎದ್ದರು. ಸುತ್ತ ಮೊಬೈಲುಗಳು ಮೇಲೇಳುವುದನ್ನು ಕಂಡ ಮನೋಹರ್ ಬೀಗದ ಕೈ ತರಿಸಿದ.

ಒಳಗೆ ತೊಲೆ ಮುಟ್ಟುವಂತೆ ಕುರ್ಚಿಗಳು. ಹೆರಿಗೆಯ ಮಂಚದ ಮೇಲೆ ಮದುವೆ ಮಂಟಪದ ಪ್ಲಾಸ್ಟಿಕ್ ಹೂವು. ಭಾಗ್ಯಮ್ಮ ಅದನ್ನು ಎರಡೂ ಕೈಯಲ್ಲಿ ಬಾಚಿ ಅಂಗಳಕ್ಕೆ ಎಸೆದಳು. ಹೆಂಗಸರು ಕುರ್ಚಿಗಳನ್ನು ಎಳೆದೆಳೆದು ಹೊರಗೆ ಹಾಕಿದರು. ಅತಿಥಿಗಳು ಮೆಲ್ಲಗೆ ಕಾರು ಹತ್ತಿದರು.

ಸ್ವಲ್ಪ ದಿನಕ್ಕೆ ಹೆರಿಗೆ ಮನೆ ತೆರೆಯಿತು. ವಾರಕ್ಕೆರಡು ಸಲ ಒಬ್ಬ ನರ್ಸ್ ಬಂದು ಬಸುರಿಯರ ಬಿ.ಪಿ. ನೋಡಿ ಹೋಗುತ್ತಿದ್ದಳು, ಅಷ್ಟೇ. ‘ಸೇವೆ ಪುನರಾರಂಭ’ ಎಂದು ಪೇಪರಿನಲ್ಲಿ ಮನೋಹರನ ಫೋಟೊ ಬಂತು.

“ಅಷ್ಟಾದ್ರೂ ಆಯ್ತಲ್ಲಮ್ಮ” ಎಂದ ಬೈರೇಶ.

“ಏನಾಯ್ತೋ? ಹೆರೋಕೆ ಇನ್ನೂ ಬೆಂಗ್ಳೂರಿಗೇ ಓಡ್ಬೇಕು. ಆಯ್ತು ಅನ್ಬೇಡ.”

ಮರುದಿನ ಅವಳು ಮುನಿವೆಂಕಟಮ್ಮನನ್ನು ಕರೆದುಕೊಂಡು, ಹೆರಿಗೆ ಮಾಡಿಸಲು ಹಗಲೂ ರಾತ್ರಿ ನರ್ಸ್ ಬೇಕೆಂದು ತಾಲ್ಲೂಕು ಆರೋಗ್ಯಾಧಿಕಾರಿಯ ಬಾಗಿಲಲ್ಲಿ ಹೋಗಿ ಕೂತಳು.