ಹಳೆಯ ಪ್ರತಿ

‘ಇಲ್ಲ ಸಾರ್, ಸೈಟಿಗೆ ಏನೂ ಆಕಿಲ್ಲ’ ಎಂದು ದಿಲ್ಷಾದ್ ತೀರ ಬೇಗ ಹೇಳಿದಳು. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೊಡುವವರನ್ನು ರಘುನಂದನ ನಂಬುತ್ತಿರಲಿಲ್ಲ. ಯೋಚಿಸಿ ಉತ್ತರ ಕೊಡುವವರನ್ನೂ ನಂಬುತ್ತಿರಲಿಲ್ಲ, ಅದು ಬೇರೆ ಮಾತು.

‘ಒಂದು ತಿಂಗಳಿಂದ ಒಂದಕ್ಷರವೂ ಇಲ್ಲ?’

‘ನೀವೇ ಬ್ಯಾಡ ಅಂದಿದ್ರಲ್ಲ ಸಾರ್.’

ಅಂದಿದ್ದ. ಪಾಂಡವಪುರದ ಗೊಬ್ಬರದಂಗಡಿಯ ಮಹಡಿಯ ಮೇಲಿನ ಈ ಕೋಣೆಯಿಂದ ನಡೆಯುವ ‘ನಾಲ್ಕೂರ ಸುದ್ದಿ’ ವೆಬ್‌ಸೈಟಿಗೆ ಹೊಸ ರೂಪ ಕೊಡಲು ಅವನನ್ನು ಕರೆಸಿದ್ದರು. ಜನ ನೋಡುವ ಲೈವ್ ಸೈಟನ್ನು ಮುಟ್ಟದೆ ಅದರದೊಂದು ನಕಲು ತೆಗೆದು, ಯಾರ ಕಣ್ಣಿಗೂ ಬೀಳದ ಸ್ಟೇಜಿಂಗ್ ಎಂಬ ತಾಲೀಮಿನ ಜಾಗದಲ್ಲಿ ಇಟ್ಟುಕೊಂಡು, ಅಲ್ಲೇ ಬಣ್ಣ, ಅಕ್ಷರ, ಅಂಕಣ ಎಲ್ಲ ಬದಲಾಯಿಸಿದ್ದ. ನಕಲು ತೆಗೆದ ದಿನವೇ ಹೇಳಿದ್ದ, ನಾನು ಮುಗಿಸುವವರೆಗೆ ಲೈವಿಗೆ ಯಾರೂ ಏನೂ ಸೇರಿಸಬೇಡಿ ಎಂದು. ಎಲ್ಲರೂ ತಲೆಯಾಡಿಸಿದ್ದರು. ಈ ಸೀಮೆಯಲ್ಲಿ ತಲೆಯಾಡಿಸುವುದೆಂದರೆ ಒಪ್ಪಿದಂತಲ್ಲ, ಮಾತು ಮುಗಿಯಲಿ ಎಂದಷ್ಟೆ. ಬಾಬುರಾಯನಕೊಪ್ಪಲಿನಲ್ಲಿ ಹುಟ್ಟಿ ಬೆಳೆದ ಅವನಿಗೆ ಅದು ಗೊತ್ತಿತ್ತು.

ಸಾವು ಡಿಸೈನಿಗೆ ಕಾಯುತ್ತದೆಯೆ? ನಾಗಮಂಗಲ, ಕೆ.ಆರ್. ಪೇಟೆ ಕಡೆಯವರು ತಿಥಿಯ ಸುದ್ದಿಯನ್ನು ಈ ಸೈಟಿಗೇ ಕಳಿಸುತ್ತಿದ್ದರು. ಹನ್ನೊಂದನೆಯ ದಿನ ಜನ ಸೇರಬೇಕಾದರೆ ಮುಂಚೆಯೇ ಹಾಕಬೇಕು. ಅಂಥವರನ್ನು, ಸೈಟಿಗೆ ಸುದ್ದಿ ಹಾಕುವ ದಿಲ್ಷಾದ್ ‘ಹೋಗಿ, ಮುಂದಿನ ತಿಂಗಳು ಬನ್ನಿ’ ಎಂದು ಕಳಿಸಿರುತ್ತಾಳೆಂದು ನಂಬಲು ಅವನೇನು ಪೆದ್ದನೆ? ಲೈವ್ ಸೈಟು ತೆರೆದಿದ್ದರೆ ಅರೆಗಳಿಗೆಯಲ್ಲಿ ತಿಳಿಯುತ್ತಿತ್ತು. ತೆರೆಯಲಿಲ್ಲ. ಅವಳ ಬಾಯಿಂದಲೇ ಬರಲಿ ಎಂಬ ಹಟ.

ಸೈಟು ನೋಡುವವರು ಕಡಿಮೆಯಿರುವ ಹೊತ್ತೆಂದು ಇಬ್ಬರೂ ನಸುಕಿಗೇ ಬಂದಿದ್ದರು. ಪರದೆಯ ಮೇಲೆ ಎರಡು ಆಯ್ಕೆಗಳಿದ್ದವು. ರೂಪವನ್ನಷ್ಟೇ ಲೈವಿಗೆ ದಾಟಿಸುವುದು, ಇಲ್ಲವೇ ಎಲ್ಲವನ್ನೂ ದಾಟಿಸುವುದು. ಎಲ್ಲವನ್ನೂ ದಾಟಿಸಿದರೆ ತಿಂಗಳ ಹಿಂದಿನ ನಕಲು ಬಂದು ಈಗಿನದರ ಮೇಲೆ ಕೂರುತ್ತದೆ, ಆಮೇಲೆ ಸೇರಿದ್ದೆಲ್ಲ ಅಳಿಸಿಹೋಗುತ್ತದೆ. ಈ ಕೆಲಸದಲ್ಲಿ ಅದು ಮೊದಲ ಪಾಠ.

‘ಹಾಗಾದರೆ ಎಲ್ಲ ದಾಟಿಸಲಾ?’

ಅವಳು ದುಪಟ್ಟಾದ ಅಂಚಿನಿಂದ ಕೀಬೋರ್ಡಿನ ಧೂಳು ಒರೆಸಿದಳು. ‘ನಂಗೇನ್ ಗೊತ್ತಾಯ್ತದೆ ಸಾರ್. ನಿಮ್ಮಿಷ್ಟ.’

ಒತ್ತಿದ. ಕೈ ತಾನಾಗಿ ಒತ್ತಿತು ಎಂದು ಆಮೇಲೆ ತನಗೆ ತಾನೇ ಹೇಳಿಕೊಂಡ.

ಹೊಸ ಸೈಟು ಲಕಲಕ ಹೊಳೆಯಿತು. ದಿಲ್ಷಾದ್ ತನ್ನ ಪರದೆಯಲ್ಲಿ ಯಾವುದೋ ಪುಟ ಹುಡುಕಿದಳು, ಮತ್ತೆ ಹುಡುಕಿದಳು, ಮುಚ್ಚಿದಳು. ಅವನು ನೋಡಿದ. ಅವನು ನೋಡಿದ್ದನ್ನು ಅವಳೂ ನೋಡಿದಳು. ಸಿಕ್ಕಿಬಿದ್ದಳಲ್ಲ ಎಂದು ಅವನಿಗೆ ಖುಷಿಯಾಯಿತು. ಅವಳು ತುಟಿ ಬಿಚ್ಚದೆ ಕೂತಾಗ ಖುಷಿ ಹೋಗಿ ಹೆದರಿಕೆ ಬಂತು. ಸುಮ್ಮನಿರುವುದಾದರೂ ಯಾಕೆ? ಇವನೇ ಅಳಿಸಿದನೆಂದು ಮಾಲೀಕರಿಗೆ ಮೊದಲು ಹೇಳಲಿಕ್ಕಿರಬೇಕು.

ದಾರಿಯೊಂದಿತ್ತು. ಸೈಟಿಗೆ ಜಾಗ ಕೊಟ್ಟ ಕಂಪನಿಯವರು ಹಿಂದಿನ ದಿನದ ಪ್ರತಿಯೊಂದನ್ನು ಇಟ್ಟಿರುತ್ತಾರೆ. ಸಂಜೆ ಹೊಸ ಪ್ರತಿ ಬಂದು ಅದರ ಜಾಗದಲ್ಲಿ ಕೂರುವವರೆಗೆ ವಾಪಸು ತರಬಹುದು. ಆದರೆ ಅದಕ್ಕೆ ಬೇಕಾದ ಓಟಿಪಿ ಬರುವುದು ಮಾಲೀಕ ಚಲುವರಾಜುವಿನ ಫೋನಿಗೆ. ಕೇಳಿದರೆ ಯಾಕೆಂದು ಹೇಳಬೇಕು.

ಮಧ್ಯಾಹ್ನದ ಹೊತ್ತಿಗೆ ಮೆಟ್ಟಿಲು ಹತ್ತಿ ಬಂದವಳು ಮಾಯಮ್ಮ. ನಾಗಮಂಗಲದ ಕಡೆಯ ಹೆಂಗಸು. ಸೆರಗಿನಲ್ಲಿ ಸುತ್ತಿದ್ದ ಫೋನು ತೆಗೆದು ದಿಲ್ಷಾದಳ ಮುಂದೆ ಹಿಡಿದಳು.

‘ನನ್ ಮಗ ಇದ್ರಲ್ಲಿ ಬತ್ತಾನೇ ಇಲ್ಲ ಕಣವ್ವ.’

ದಿಲ್ಷಾದ್ ರಘುನಂದನನನ್ನು ನೋಡದೆ, ಗೋಡೆಗೆ ಹೇಳುವವಳಂತೆ ಹೇಳಿದಳು. ಮಗ ತಿಮ್ಮರಾಜು ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದು ತೀರಿಕೊಂಡ. ಫೋನೆಂದರೆ ಅವನಿಗೆ ಪ್ರಾಣ ಎಂದು ನೆಂಟರು ಅದನ್ನೂ ಅವನ ಎದೆಯ ಮೇಲಿಟ್ಟು ಮಣ್ಣು ಮಾಡಿದರು. ಫೋಟೋ, ವಿಡಿಯೋ ಎಲ್ಲ ಅದರಲ್ಲೇ ಇದ್ದವೆಂದು ಆಮೇಲೆ ಹೊಳೆಯಿತು. ಮಣ್ಣು ಮಾಡುವ ಮೊದಲು ತಿಥಿಯ ಸುದ್ದಿಗೆಂದು ನೆಂಟರು ಆ ಫೋನಿನಿಂದ ದಿಲ್ಷಾದಳಿಗೆ ಕಳಿಸಿದ್ದು ಒಂದೇ ವಿಡಿಯೋ. ಕಬ್ಬಿನ ಗದ್ದೆಯಲ್ಲಿ ನಿಂತು, ‘ಅವ್ವಾ, ಇತ್ತಗೆ ನೋಡು, ಒಸಿ ನಗು’ ಅನ್ನುತ್ತಾನೆ.

‘ಅದು ನಿನ್ನ ಫೋನಿನಲ್ಲಿ ಇರಬೇಕಲ್ಲ?’ ಎಂದು ರಘುನಂದನ ದಿಲ್ಷಾದಳನ್ನು ಕೇಳಿದ.

‘ಫೋನ್ ತುಂಬೋಗಿತ್ತು ಸಾರ್. ಸೈಟಲ್ಲಿ ಐತಲ್ಲ ಅಂತ ಅಳಿಸ್ಬುಟ್ಟೆ.’

ಇಷ್ಟು ದಿನ ಬಾರದ ಮಾಯಮ್ಮ ಇವತ್ತೇ, ಈ ಹೊತ್ತಿಗೇ ಬಂದದ್ದು ಹೇಗೆ? ರಘುನಂದನನ ತಲೆ ಓಡತೊಡಗಿತು. ‘ನಿಮ್ಮನ್ನ ಯಾರು ಕಳಿಸಿದ್ದು?’

‘ಯಾರ್ ಕಳಿಸ್ಬೇಕಪ್ಪ? ದಿನಾ ಒತ್ತಾರೆ ಅವನ್ ಮಾತು ಕೇಳ್ಬುಟ್ಟು ಒಲೆ ಅಚ್ತಿದ್ದೆ. ಇವತ್ತು ಒಲೆ ಅಚ್ನಿಲ್ಲ. ಬಸ್ ಅತ್ತಿ ಬಂದೆ.’

‘ಸರ್ವರ್ ತೊಂದರೆ. ಸಂಜೆಗೆ ಬರುತ್ತೆ’ ಎಂದ. ಸುಳ್ಳು ಸಲೀಸಾಗಿ ಬಂತು.

‘ಅಂಗಾರೆ ಸಂಜೆಗಂಟ ಇಲ್ಲೇ ಕೂತಿರ್ತೀನಿ ಬುಡು’ ಎಂದು ಅವಳು ಗೋಡೆಗೊರಗಿ ನೆಲದ ಮೇಲೆ ಕೂತಳು. ಕುರ್ಚಿ ತೋರಿಸಿದರೂ ಏಳಲಿಲ್ಲ.

ಊಟದ ಹೊತ್ತು ಕಳೆದು ಚಲುವರಾಜು ಬಂದ. ಇಸ್ತ್ರಿಯ ಬಿಳಿ ಅಂಗಿ, ಜೇಬಿನಲ್ಲಿ ಫೋನು. ‘ಏನ್ ರಘು, ಒಸದು ಬಲ್ ಚೆಂದಾಗದೆ ಕಣಯ್ಯ! ನನ್ನಿಂದ ಏನಾರ ಬೇಕಾಗಿತ್ತಾ?’

ಯಾಕೆ ಹೀಗೆ ಕೇಳಿದ? ರಘುನಂದನ ಆ ಮುಖದಲ್ಲಿ ಹುಡುಕಿದ. ನಗು ಇತ್ತು. ಎಲ್ಲ ಗೊತ್ತಿದ್ದೂ ತಾನಾಗಿ ಒಪ್ಪಲಿ ಎಂದು ಕಾಯುವವನ ನಗು. ಬೆಳಿಗ್ಗೆ ದಿಲ್ಷಾದ್ ಒಪ್ಪಲಿ ಎಂದು ತಾನೂ ಹಾಗೇ ಕಾದದ್ದು ಅವನಿಗೆ ನೆನಪಾಗಲಿಲ್ಲ.

‘ಈಯಮ್ಮ ಯಾರು?’

‘ಸುಮ್ಮನೆ ಬಂದಿದ್ದಾರೆ.’

‘ಅಣ್ಣ...’ ಎಂದು ದಿಲ್ಷಾದ್ ತಲೆಯೆತ್ತಿದಳು. ರಘುನಂದನ ಅವಳನ್ನು ನೋಡಿದ. ಅವಳು ತಲೆ ತಗ್ಗಿಸಿದಳು. ‘ಚಾ ತರಿಸ್ಲಾ ಅಂತ.’

‘ಬ್ಯಾಡ ಕಣವ್ವ. ತೊಣ್ಣೂರಲ್ಲಿ ಬಾಡೂಟ ಅದೆ. ವೊಯ್ತೀನಿ. ಏನೂ ಬ್ಯಾಡ್ವಲ್ಲ ರಘು?’

‘ಏನೂ ಬೇಡ ಅಣ್ಣ.’

ಕಾರಿನ ಸದ್ದು ದೂರವಾದಾಗ ಮೈ ಹಗುರಾಯಿತು. ಹಗುರಾದದ್ದಕ್ಕೆ ತನ್ನ ಮೇಲೆಯೇ ಹೇಸಿಗೆಯಾಯಿತು. ಆಮೇಲೂ ಫೋನು ಮಾಡಬಹುದಿತ್ತು. ಚಲುವರಾಜುವಿನ ಹೆಸರು ತೆಗೆದು ನೋಡುತ್ತ ಕೂತ. ಕರೆದರೆ ಏನು ಹೇಳುವುದು? ಗೊತ್ತಿದ್ದೇ ಅಳಿಸಿದೆ, ನಿಮ್ಮ ಹುಡುಗಿ ಸುಳ್ಳು ಹೇಳುತ್ತಾಳೋ ಇಲ್ಲವೋ ನೋಡಲು? ಹೆಸರು ಹಾಗೇ ಬೆಳಗಿ, ಮಂಕಾಗಿ, ಆರಿತು.

ಬಿಸಿಲು ಕಿಟಕಿ ಬಿಟ್ಟು ಎದುರು ಗೋಡೆಗೆ ಹೋಯಿತು. ದಿಲ್ಷಾದ್ ಚೀಲ ತೆಗೆದುಕೊಂಡು, ಮಾಯಮ್ಮನನ್ನು ದಾಟುವಾಗ ಒಂದು ಗಳಿಗೆ ನಿಂತು, ಹೊರಟುಹೋದಳು. ಕಂಪನಿಯಿಂದ ಸಂದೇಶ ಬಂತು: ಈ ದಿನದ ಪ್ರತಿಯನ್ನು ಯಶಸ್ವಿಯಾಗಿ ಉಳಿಸಲಾಗಿದೆ. ನಿನ್ನೆಯ ಪ್ರತಿ ಹೋಯಿತು.

‘ಸಂಜೆ ಆಯ್ತಲ್ಲಪ್ಪ’ ಎಂದಳು ಮಾಯಮ್ಮ.

ಅವಳು ಫೋನು ಚಾಚಿದಳು. ಕಳೆದುಹೋದ ಪುಟಗಳಿಗೆಂದು ರಘುನಂದನ ಹೊಸ ರೂಪದಲ್ಲಿ ಒಂದು ಚಿತ್ರ ಇಟ್ಟಿದ್ದ. ಶ್ರೀರಂಗಪಟ್ಟಣದ ಹೊಳೆಯ ನಡುವೆ ಖಾಲಿ ಹರಿಗೋಲು. ಅದರ ಕೆಳಗೆ ಒಂದು ಸಾಲು: ‘ನೀವು ಹುಡುಕುತ್ತಿರುವುದು ಇಲ್ಲಿಲ್ಲ.’ ಅವಳಿಗೆ ಓದು ಬರುತ್ತಿರಲಿಲ್ಲ.

‘ಒತ್ತಾರೆಯಿಂದ ಇದೇ ಬತ್ತಾ ಅದೆ. ಇದ್ರಲ್ಲಿ ಅವನೆಲ್ಲಿ ಕೂತವ್ನೆ, ತೋರ್ಸಪ್ಪ. ನಂಗೆ ಕಣ್ ಸರಿಯಾಗಿ ಕಾಣಾಕಿಲ್ಲ.’

ಅವಳು ಎರಡು ಬೆರಳಿಟ್ಟು ಚಿತ್ರವನ್ನು ಹಿಗ್ಗಿಸಿದಳು. ಹರಿಗೋಲು ದೊಡ್ಡದಾಯಿತು. ಇನ್ನೂ ಹಿಗ್ಗಿಸಿದಳು. ಅಂಚು ಹೋಗಿ ನೀರೊಂದೇ ಪರದೆ ತುಂಬಿತು. ರಘುನಂದನ ಅವಳ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತ. ಅವನ ಬೆರಳು ನೀರಿನ ಮೇಲೆ ಒಂದು ಕಡೆ ಹೋಗಿ ನಿಂತಿತು.

‘ಅಲ್ಲೇನಪ್ಪ?’ ಎಂದು ಅವಳು ಬಗ್ಗಿ ನೋಡತೊಡಗಿದಳು.