ಬೋರಿನ ನೀರು, ಕೆಂಪು ಕಾಗದ

ಕಲಿತದ್ದನ್ನು ಮರೆತವರಿಗೆ ನನ್ನ ತರಗತಿಯಲ್ಲಿ ಮಾಫಿ ಇಲ್ಲ. ಹಾಲಹರವಿ ಕಡೆಯ ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ಹನ್ನೊಂದು ವರ್ಷದಿಂದ ವಿಜ್ಞಾನ ಹೇಳುತ್ತಿದ್ದೇನೆ. ತಿಂಗಳಿಗೊಮ್ಮೆ ಹಳೆಯ ಪಾಠ ಕೇಳುತ್ತೇನೆ. ತಪ್ಪಿದವರು ಸರಿ ಉತ್ತರವನ್ನು ಐವತ್ತು ಸಲ ಬರೆಯಬೇಕು. ಏಕಾಂತಪ್ಪ ಮೇಷ್ಟ್ರು ಕಲಿಸಿದ್ದು ಸಾಯುವ ತನಕ ಮರೆಯುವುದಿಲ್ಲ ಎಂದು ಊರಿನಲ್ಲಿ ಮಾತಿದೆ. ಆ ಮಾತು ಕೇಳಿ ನಾನು ಉಬ್ಬಿಹೋದವನೇ.

ಕುರಿ ಸಾಕುವ ಎರ್ರಿಸ್ವಾಮಿಯ ಮಗಳು ನಾಗಜ್ಯೋತಿ ಹತ್ತನೆಯ ತರಗತಿಯಲ್ಲಿದ್ದಳು. ಲಿಟ್ಮಸ್ ಕಾಗದದ ಪ್ರಯೋಗವನ್ನು ನಿಜವಾಗಿ ಮಾಡಿದವಳು ಅವಳೊಬ್ಬಳೇ. ಉಳಿದವರೆಲ್ಲ ಹಿಂದಿನ ವರ್ಷದ ರೆಕಾರ್ಡಿನಿಂದ ‘ನೀರು: ತಟಸ್ಥ’ ಎಂದು ಭಟ್ಟಿ ಇಳಿಸಿದ್ದರು. ಇವಳು ಮಾತ್ರ ‘ನಮ್ಮ ಬೋರಿನ ನೀರು: ಕೆಂಪು ಕಾಗದ ನೀಲಿ ಆಯಿತು, ಕ್ಷಾರ’ ಎಂದು ಬರೆದಿದ್ದಳು. ನಾನು ಅಡ್ಡ ಗೀಟು ಎಳೆದೆ.

“ಸಾರ್, ನಾ ಕಣ್ಣಾರ ನೋಡೀನ್ರಿ, ನೀಲಿ ಆತ್ರಿ.”

“ಬುಕ್ಕಿನ್ಯಾಗ ಏನೈತಿ?”

“ತಟಸ್ಥ ಅಂತ ಐತ್ರಿ.”

“ಬುಕ್ ಬರೆದವರಿಗಿಂತ ನೀ ಶಾಣ್ಯಾಕಿ ಏನು?”

ಐವತ್ತು ಸಲ ಬರೆದಳು. ಭಟ್ಟಿ ಇಳಿಸಿದವರಿಗೆಲ್ಲ ನಾನು ಪೂರ್ತಿ ಅಂಕ ಕೊಟ್ಟೆ.

ಮರುತಿಂಗಳು ಅದೇ ಪಾಠ ಕೇಳುವ ದಿನ ಬಂತು. ಅವಳ ಸಂಶಯವನ್ನು ಬೇರುಸಹಿತ ಕಿತ್ತುಬಿಡೋಣವೆಂದು ಶಾಲೆಯ ಬೋರಿನ ನೀರು ತರಿಸಿ, ಎಲ್ಲರೆದುರು ಕಾಗದ ಅದ್ದಿದೆ. ಹನ್ನೊಂದು ವರ್ಷದಲ್ಲಿ ಅದೇ ಮೊದಲು. ಕೆಂಪು ಕಾಗದ ನಿಧಾನವಾಗಿ ನೀಲಿಯಾಯಿತು. ಪುಸ್ತಕದ ಮಾತು ಶುದ್ಧ ನೀರಿಗೆ, ಕ್ಷಾರ ಬೆರೆತ ನಮ್ಮ ಕಡೆಯ ಸವಳು ನೀರಿಗಲ್ಲ. ಮನೆಯ ಕೊಡದ ಮೈಗೆ ಕಟ್ಟಿದ ಬಿಳಿ ಪೊರೆ ದಿನಾ ನೋಡುವ ನನಗೆ ಅಷ್ಟೂ ಹೊಳೆದಿರಲಿಲ್ಲ. ನಾಚಿಕೆಯಿಂದ ಕಿವಿ ಬಿಸಿಯಾಯಿತು.

“ನಾಗಜ್ಯೋತಿ, ಏನ್ ಕಾಣ್ತೈತಿ ಹೇಳವ್ವ.”

ಅವಳು ಕಾಗದ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. “ತಟಸ್ಥ ರೀ ಸಾರ್.”

“ಬಣ್ಣ ಯಾವ್ದೈತಿ?”

“ನೀಲಿ ರೀ. ನೀರು ತಟಸ್ಥ ರೀ.”

“ಇಲ್ಲವ್ವ. ಅವತ್ತು ನೀ ಬರೆದಿದ್ದ ಖರೇ. ತಪ್ಪು ನಂದು.”

ಖುಷಿಪಡುತ್ತಾಳೆ ಎಂದುಕೊಂಡಿದ್ದೆ. ಅವಳು ಗಾಬರಿಯಾದಳು.

“ಹಂಗಾರ ಪಬ್ಲಿಕ್ ಪರೀಕ್ಷೆದಾಗ ಯಾವ್ದು ಬರೀಬೇಕ್ರಿ?”

ಪೇಪರ್ ತಿದ್ದುವವರು ಎಲ್ಲಿಯವರೋ. ಅವರ ಕೈಯಲ್ಲಿ ಅಚ್ಚಾದ ಉತ್ತರ ಇರುತ್ತದೆ, ನಮ್ಮ ಬೋರಿನ ನೀರು ಇರುವುದಿಲ್ಲ. ಅವಳ ಒಂದು ಅಂಕ ಕಳೆಯುವ ಧೈರ್ಯ ನನಗೆ ಬರಲಿಲ್ಲ.

“ತಟಸ್ಥ ಅಂತ ಬರಿ,” ಎಂದೆ.

ಇಡೀ ತರಗತಿ ತಲೆ ಬಗ್ಗಿಸಿ ಅದನ್ನು ಬರೆದುಕೊಂಡಿತು.