ಹೆಜ್ಜೇನು ಮರಕ್ಕೆ ಬಿಳಿ ಬಟ್ಟೆ

"ಥೂ ಮುದುಕಿ, ಕಣ್ಣಿಗೆ ಬೂದಿ ಬಿದ್ದಿದೆಯೇನೇ? ಸೊಟ್ಟ ಸಸಿ ಕಿತ್ತೆಸೀ ಅಂದ್ರೆ ಸವರ್ತಾ ಕೂತವ್ಳೆ! ನಿನ್ನ ಮೊಮ್ಮಕ್ಕಳೇನೇ ಅವು?"

ಕಾಗದದ ಕಂಪನಿಯ ಸಸಿತೋಟದಲ್ಲಿ ಮೇಸ್ತ್ರಿ ಸುಪರ್ನೊ ಒದ್ದ ತಟ್ಟೆಯಿಂದ ಚೆಲ್ಲಿದ ಸಸಿಗಳನ್ನು ಹಲಿಜಾ ಬಾಚಿಕೊಂಡಳು. ಹೊಸ ತಳಿಗಾಗಿ ವಿಕಿರಣ ಹಾಯಿಸಿ ತಂದ ಅಕೇಶಿಯಾ ಬೀಜಗಳಲ್ಲಿ ಮೊಳೆತದ್ದೇ ಕಡಿಮೆ. ಮೊಳೆತವುಗಳಲ್ಲಿಯೂ ಕೆಲವು ಬಿಳಿಚಿದವು, ಕೆಲವು ಬೆನ್ನು ಬಾಗಿದವು. ಸಾವಿರಾರು ಸಸಿಗಳ ನಡುವೆ ನೆಟ್ಟಗೆ ಬೆಳೆದು, ಮರವನ್ನೇ ಒಣಗಿಸುವ ರೋಗಕ್ಕೂ ಜಗ್ಗದೆ ಉಳಿದ ಎರಡನ್ನು ಬೆರಳಿನಿಂದಲೇ ಗುರುತಿಸಿದವಳು ಅವಳು. ಆ ಎರಡರ ಚಿಗುರು ಕತ್ತರಿಸಿ, ಬೇರು ಬರಿಸಿ ಹೆಂಗಸರು ಎಬ್ಬಿಸಿದ ನಾನೂರು ಎಳೆಗಿಡಗಳ ಹೆಸರುತಗಡಿನ ಮೇಲೆ ಕಂಪನಿಯ ವಿಜ್ಞಾನಿ ಡಾಕ್ಟರ್ ವಿಬೊವೊ ಅವರ ಹೆಸರಿತ್ತು.

ಆ ಡಾಕ್ಟರೇ ಜೀಪಿನಿಂದ ಇಳಿದು ಬೇಲಿಯಾಚೆಗೆ ಕೈ ತೋರಿದರು.

"ನಾಳೆ ಅಲ್ಲಿ ನೆಡಬೇಕು. ಆ ಮರದ ನೆರಳು ಬಿದ್ರೆ ನನ್ನ ಪ್ರಯೋಗ ಕೆಡುತ್ತೆ. ಇವತ್ತೇ ಉರುಳಿಸಿ."

ಪೆತಲಾಂಗನ್ ಕುಲದ ಕಾಡೆಲ್ಲ ಕಾಗದದ ತಿರುಳಾಗಿ ಹೋದ ಮೇಲೂ ಉಳಿದಿದ್ದ ಕಡೆಯ ಹೆಜ್ಜೇನು ಮರ ಅದು. ಕೊಂಬೆಕೊಂಬೆಗೂ ಜೇನುಹುಟ್ಟು ಜೋತುಬಿದ್ದಿತ್ತು. ಹಲಿಜಾ ಎದ್ದು ನಿಂತಳು.

"ಪಾಕ್, ಸ್ವಾಮಿ, ಅದನ್ನ ಕಡಿಯೋರು ಬಿಳಿ ಬಟ್ಟೆ ತರಬೇಕು. ಬುಡಕ್ಕೆ ತಮ್ಮ ಕೈಯಾರೆ ಸುತ್ತಬೇಕು, ಹೆಣಕ್ಕೆ ಸುತ್ತಿದಂಗೆ. ನಮ್ಮ ಕುಲದ ಕಟ್ಟಳೆ."

"ಮರಕ್ಕೆ ಕಫನ್ನಾ? ಹಾಗೇ ನಮಾಜೂ ಮಾಡಿಸೋಣ್ವಾ?" ಡಾಕ್ಟರ್ ನಕ್ಕರು.

"ಕಾಡುಮುಂಡೇವು ಪಾಕ್, ಎಷ್ಟು ತಿದ್ದಿದ್ರೂ ಅಷ್ಟೇ," ಎಂದು ಮೇಸ್ತ್ರಿಯೂ ನಕ್ಕ.

"ಬಟ್ಟೆ ಇಲ್ಲಾಂದ್ರೆ ನಾನೇ ಕೊಡ್ತೀನಿ ಬಿಡಿ," ಎಂದಳು ಹಲಿಜಾ.

ಬಿದಿರು ಕಮಾನುಗಳ ಮೇಲೆ ಹೆಂಗಸರೆಲ್ಲ ಸೇರಿ ಎಳೆಗಿಡಗಳಿಗೆ ಹೊದಿಸಿದ್ದ ಬಿಳಿಯ ಬಟ್ಟೆಯನ್ನು ಅವಳು ಒಂದೇ ಎಳೆತಕ್ಕೆ ಕಿತ್ತಳು. ನಡುಹಗಲಿನ ಬಿಸಿಲು ನಾನೂರರ ಮೇಲೂ ಒಮ್ಮೆಗೇ ಬಿತ್ತು. ಬಟ್ಟೆಯನ್ನು ಮುದ್ದೆ ಮಾಡಿ ಡಾಕ್ಟರ ತೋಳಿಗೆ ತುರುಕಿದಳು.

"ಏಯ್! ಮುಚ್ಚೇ! ಅರ್ಧ ಗಂಟೇಲಿ ಸುಟ್ಟೋಗ್ತವೆ!" ಎಂದು ಡಾಕ್ಟರ್ ಕೂಗಿದರು.

"ನಂಗೊತ್ತಿಲ್ವಾ? ಬೇರು ಬರ್ಸಿದ್ದು ಯಾರು? ಇರೋದು ಒಂದೇ ಬಟ್ಟೆ. ಮರ ಕಡಿಯೋದಾದ್ರೆ ಅದಕ್ಕೆ ಸುತ್ತಿ, ಇವು ಸಾಯ್ಲಿ. ಮರ ಬಿಟ್ರೆ ಈಗ್ಲೇ ಹೊದಿಸ್ತೀವಿ."

"ಲೇ, ಏನ್ ನೋಡ್ತಾ ನಿಂತಿದೀರೇ? ನೀರು ಹೊಡೀರೇ!" ಮೇಸ್ತ್ರಿ ಉಳಿದವರತ್ತ ಕಿರುಚಿದ.

ಹೆಂಗಸರು ಒಬ್ಬೊಬ್ಬರಾಗಿ ಚಾಕು ಕೆಳಗಿಟ್ಟು ನೆಲಕ್ಕೆ ಕೂತರು. ಸೌದಾ ಎಂಬಾಕೆ ಮಡಿಲಿನಿಂದ ಎಲೆ ತೆಗೆದು ಸುಣ್ಣ ಸವರಿದಳು. "ನಾವು ಕಾಡುಮುಂಡೇವಲ್ವಾ ಮೇಸ್ತ್ರಿ, ನೀರು ಹೊಡೆಯೋಕೆ ಬರಲ್ಲ. ನೀನೇ ಹೊಡಿಯಪ್ಪ, ಕಲ್ತೋನು."

ಸುಪರ್ನೊ ಪೈಪು ಹಿಡಿದು ಓಡಿದ. ಅವನ ನೀರಿನ ರಭಸಕ್ಕೆ ಮೂರು ಗಿಡಗಳು ಬೇರುಸಹಿತ ಕಿತ್ತು ಬಂದವು.

"ನಿಲ್ಲಿಸೋ ಕತ್ತೆ!" ಎಂದರು ಡಾಕ್ಟರ್.

ಬೇಲಿಯಾಚೆ ಮರದ ಬುಡದಲ್ಲಿ ಕೂಲಿಯಾಳಿನ ಯಂತ್ರದ ಗರಗಸ ಗೊರಗುಟ್ಟಿತು. "ಕೊಯ್ಲಾ ಪಾಕ್?" ಎಂದು ಅಲ್ಲಿಂದ ಕೂಗು ಬಂತು.

ಹಲಿಜಾ ಡಾಕ್ಟರ ಮುಖದಿಂದ ಕಣ್ಣು ಕೀಳಲಿಲ್ಲ. ಮೊದಲ ಸಾಲಿನ ಕುಡಿಗಳು ಆಗಲೇ ಜೋಲತೊಡಗಿದ್ದವು.